ಆಟದ ಸಾಮಾನು ಯಾವುದು? ತೀರ್ಮಾನಿಸುವುದು ಮಗುವಲ್ಲ, ಸುಂಕದ ಪುಸ್ತಕ

ಕಾಸರಗೋಡು: ಕುಂಬಳೆಯ ಆಯನ ಇರಲಿ, ತಳಂಗರೆಯ ಉರೂಸ್ ಇರಲಿ, ಸಂತೆ ಸಾಲಿನಲ್ಲಿ ಮಕ್ಕಳ ಕಾಲು ನಿಲ್ಲುವುದು ಒಂದೇ ಕಡೆ. ಹಗ್ಗಕ್ಕೆ ನೇತುಹಾಕಿದ ಗೊಂಬೆ, ಬ್ಯಾಟರಿ ಹಾಕಿದರೆ ದೀಪ ಉರಿಸಿಕೊಂಡು ಓಡುವ ಕಾರು, ಬಲೆಯೊಳಗೆ ಫುಟ್‌ಬಾಲ್, ಬದಿಯಲ್ಲಿ ಬಣ್ಣ ತುಂಬುವ ಪುಸ್ತಕ, ಮೂಲೆಯಲ್ಲಿ ಒಂದು ಪುಟ್ಟ ಸೈಕಲ್. ಮಗುವಿಗೆ ಇದೆಲ್ಲ ಒಂದೇ, ಆಟದ ಸಾಮಾನು. ಅಪ್ಪ ಅಮ್ಮನಿಗೂ ಒಂದೇ, ಖರ್ಚು!

ಆದರೆ ಇದೇ ಐದು ಸಾಮಾನು ವಿದೇಶದಿಂದ ಹಡಗಿನಲ್ಲಿ ಬಂದರೆ ಕಸ್ಟಮ್ಸ್‌ನವರ ಲೆಕ್ಕವೇ ಬೇರೆ. ಗೊಂಬೆ ಮತ್ತು ಬ್ಯಾಟರಿ ಕಾರು 9503ರಲ್ಲಿ ಬರುತ್ತವೆ, ಅಲ್ಲಿಯೂ ಒಳಗೆ ಎರಡು ಬೇರೆ ಬೇರೆ ಸಾಲು. ಫುಟ್‌ಬಾಲ್ 9506. ಬಣ್ಣದ ಪುಸ್ತಕ 4903. ಸೈಕಲ್ 8712. ಅಂಗಡಿಯಲ್ಲಿ ಒಂದೇ ಹಗ್ಗದಲ್ಲಿ ನೇತಾಡುವ ವಸ್ತುಗಳು ಸುಂಕದ ಪುಸ್ತಕದಲ್ಲಿ ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ ಹಂಚಿಹೋಗುತ್ತವೆ.

ಇದರಿಂದ ನಮಗೆ ಆಗಬೇಕಾದ್ದೇನು ಎಂದು ಕೇಳಬಹುದು. ಆಗಬೇಕಾದ್ದು ಉಂಟು. ವಸ್ತುವಿಗೆ ಯಾವ ಸಂಖ್ಯೆ ಬೀಳುತ್ತದೆ ಎನ್ನುವುದರ ಮೇಲೆ ಅದರ ಬೆಲೆ ನಿಲ್ಲುತ್ತದೆ. ಅಂಗಡಿಯವರ ಬಿಲ್ಲಿನಲ್ಲಿ ಜಿಎಸ್‌ಟಿ ಶೇ. 5 ಇರಬೇಕೋ ಶೇ. 18 ಇರಬೇಕೋ ಎಂಬುದೂ ಅದರ ಮೇಲೆಯೇ. ಇದಲ್ಲದೆ ಐಎಸ್ಐ ಮುದ್ರೆ ಬೇಕೇ ಬೇಡವೇ ಎಂದು ಹೇಳುವ ಇನ್ನೊಂದು ಪುಸ್ತಕ ಉಂಟು. ಆ ಪುಸ್ತಕದ 'ಆಟಿಕೆ'ಯೂ ಸುಂಕದ ಪುಸ್ತಕದ 'ಆಟಿಕೆ'ಯೂ ಒಂದೇ ಅಲ್ಲ. ಈ ಎರಡರ ನಡುವೆ ಸಿಕ್ಕಿಹಾಕಿಕೊಳ್ಳುವುದು ದೊಡ್ಡ ಆಮದುದಾರನಿಗಿಂತ ಹೆಚ್ಚಾಗಿ ಗಡಿನಾಡಿನ ಪೇಟೆಯ ಸಣ್ಣ ಅಂಗಡಿಯವ.

ಎಂಟು ಅಂಕೆಯ ಜಾತಕ

ಜಗತ್ತಿನಲ್ಲಿ ವ್ಯಾಪಾರವಾಗುವ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡುವ ಪದ್ಧತಿ 1988ರ ಜನವರಿಯಿಂದ ಜಾರಿಯಲ್ಲಿದೆ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಮೊದಲ ಆರು ಅಂಕೆ ಎಲ್ಲ ದೇಶಗಳಿಗೂ ಸಮಾನ. ಅದರ ಮುಂದೆ ಆಯಾ ದೇಶ ತನಗೆ ಬೇಕಾದ ಹಾಗೆ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಎಂಟು ಅಂಕೆ. ಜಿಎಸ್‌ಟಿ ಬಿಲ್ಲಿನಲ್ಲಿ ನಮ್ಮ ಅಂಗಡಿಯವರು ಬರೆಯುವ ಎಚ್‌ಎಸ್‌ಎನ್ ಕೋಡ್ ಕೂಡ ಇದೇ ವಂಶದ್ದು.

ಆಟಿಕೆಗಳು ಇರುವುದು 95ನೇ ಅಧ್ಯಾಯದಲ್ಲಿ. ಅದರಲ್ಲಿ 9503 ಎಂದರೆ ಗೊಂಬೆ, ಮೂರು ಚಕ್ರದ ಸೈಕಲ್, ಮಕ್ಕಳು ಕಾಲಲ್ಲಿ ತಳ್ಳುವ ಸ್ಕೂಟರ್, ಪೆಡಲ್ ಕಾರು, ಸಣ್ಣ ಗಾತ್ರದ ಮಾದರಿಗಳು, ಪಝಲ್ ಮತ್ತು ಇತರ ಆಟಿಕೆಗಳು. ಕೇರಂ, ಚೆಸ್, ಇಸ್ಪೀಟು, ವಿಡಿಯೋ ಗೇಮ್ ಯಂತ್ರ ಪಕ್ಕದ 9504ಕ್ಕೆ. ಹಬ್ಬದ ಅಲಂಕಾರದ ಸಾಮಾನು 9505ಕ್ಕೆ. ಕ್ರೀಡಾ ಸಾಮಗ್ರಿ 9506ಕ್ಕೆ. ಮಗುವಿಗೆ ಹಾಕುವ ಬಟ್ಟೆಯ ವೇಷಭೂಷಣ ಆಟಿಕೆ ಅಲ್ಲ, ಅದು ಉಡುಪಿನ ಅಧ್ಯಾಯಕ್ಕೆ ಹೋಗುತ್ತದೆ. ನಾಯಿ ಬೆಕ್ಕಿಗೆಂದೇ ಮಾಡಿದ ಆಟದ ಸಾಮಾನು ಕೂಡ 9503 ಅಲ್ಲ ಎಂದು ಅಧ್ಯಾಯದ ಟಿಪ್ಪಣಿಯಲ್ಲೇ ಬರೆದಿದೆ.

ನಮ್ಮ ದೇಶದ ಪುಸ್ತಕದಲ್ಲಿ 9503ರ ಒಳಗೆ ಹಿಂದೆ ಮರದ್ದು, ಲೋಹದ್ದು, ಪ್ಲಾಸ್ಟಿಕ್‌ನದ್ದು ಎಂದು ವಿಭಾಗ ಮಾಡಿದ್ದರು. ಯಾವುದರಿಂದ ಮಾಡಿದ್ದು ಎಂಬುದು ಪ್ರಶ್ನೆಯಾಗಿತ್ತು. ಆಮೇಲೆ ಅದನ್ನು ತೆಗೆದು ಎಲೆಕ್ಟ್ರಾನಿಕ್, ಎಲೆಕ್ಟ್ರಾನಿಕ್ ಅಲ್ಲದ್ದು ಎಂದು ಮಾಡಿದರು. ಬಿಡಿಭಾಗಗಳಿಗೆ ಬೇರೆ ಸಾಲು ಬಂತು. ಈ ಬದಲಾವಣೆ ನೋಡಲು ಸಣ್ಣದು. ಆದರೆ ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ.

ಇಪ್ಪತ್ತರಿಂದ ಎಪ್ಪತ್ತಕ್ಕೆ

2020ರ ಬಜೆಟ್‌ವರೆಗೆ 9503ರ ಆಟಿಕೆಗಳಿಗೆ ಮೂಲ ಆಮದು ಸುಂಕ ಶೇ. 20 ಇತ್ತು. ಆ ವರ್ಷದ ಫೆಬ್ರವರಿಯಲ್ಲಿ ಅದನ್ನು ಒಂದೇ ಸಲಕ್ಕೆ ಶೇ. 60 ಮಾಡಿದರು. 2023ರ ಬಜೆಟ್‌ನಲ್ಲಿ ಶೇ. 70ಕ್ಕೆ ಏರಿತು. ಎಲೆಕ್ಟ್ರಾನಿಕ್ ಆಟಿಕೆಗಳ ಬಿಡಿಭಾಗಗಳನ್ನು ಮಾತ್ರ ಆ ಏರಿಕೆಯಿಂದ ಹೊರಗಿಟ್ಟರು, ಇಲ್ಲಿಯೇ ತಂದು ಜೋಡಿಸಲಿ ಎಂಬ ಉದ್ದೇಶದಿಂದ.

ಒಂದು ಲೆಕ್ಕ ಹಾಕೋಣ. ಬಂದರಿಗೆ ಬಂದ ಒಂದು ಆಟಿಕೆಯ ಬೆಲೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ಸಣ್ಣಪುಟ್ಟ ಸರ್ಚಾರ್ಜ್ ಬಿಟ್ಟುಬಿಡೋಣ. 2019ರಲ್ಲಿ ಸುಂಕ ಸೇರಿ 120, ಅದರ ಮೇಲೆ ಆಗಿನ ಶೇ. 12 ಜಿಎಸ್‌ಟಿ ಸೇರಿ 134 ರೂಪಾಯಿ 40 ಪೈಸೆ. ಶೇ. 70ರ ಸುಂಕದಲ್ಲಿ ಅದೇ ಸಾಮಾನು 170 ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಹಾಗಾಗಿ ಒಟ್ಟು 178 ರೂಪಾಯಿ 50 ಪೈಸೆ. ಎಲೆಕ್ಟ್ರಾನಿಕ್ ಆಟಿಕೆಗೆ ಜಿಎಸ್‌ಟಿ ಶೇ. 18ರಲ್ಲೇ ಉಳಿಯಿತು. ಅದು 200 ರೂಪಾಯಿ 60 ಪೈಸೆ ಆಗುತ್ತದೆ. ಇನ್ನೂ ಆಮದುದಾರನ ಲಾಭ, ಲಾರಿ ಬಾಡಿಗೆ, ಅಂಗಡಿಯವರ ಲಾಭ ಯಾವುದೂ ಸೇರಿಲ್ಲ ನೋಡಿ.

ಅಂದರೆ ಒಂದೇ ಬೆಲೆಯ ಎರಡು ಗೊಂಬೆ. ಒಂದರ ಹೊಟ್ಟೆ ಒತ್ತಿದರೆ ಹಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಹಾಡಿದ್ದಕ್ಕೆ 22 ರೂಪಾಯಿ ಹೆಚ್ಚು. ಈ ಶೇ. 5 ಮತ್ತು 18ರ ವ್ಯತ್ಯಾಸ ಬಂದರಿನಲ್ಲೇ ಮುಗಿಯುವುದಿಲ್ಲ. ಮಂಗಳೂರಿನಿಂದ ಮಾಲು ತಂದು ಉಪ್ಪಳದಲ್ಲಿ ಮಾರುವವರ ಬಿಲ್ಲಿನ ತನಕ ಅದು ಹಿಂಬಾಲಿಸಿಕೊಂಡು ಬರುತ್ತದೆ. ನೂರು ಬಗೆಯ ಸಾಮಾನು ಇರುವ ಅಂಗಡಿಯಲ್ಲಿ ಎಲ್ಲವನ್ನೂ 'ಆಟಿಕೆ' ಎಂದು ಒಂದೇ ದರದಲ್ಲಿ ಬಿಲ್ ಮಾಡಿಬಿಟ್ಟರೆ ಆವತ್ತು ಯಾರೂ ಕೇಳುವುದಿಲ್ಲ. ಎರಡು ವರ್ಷ ಕಳೆದು ನೋಟಿಸ್ ಬಂದಾಗ ವ್ಯತ್ಯಾಸದ ತೆರಿಗೆ, ಅದರ ಮೇಲೆ ಬಡ್ಡಿ, ದಂಡ. ಗ್ರಾಹಕನ ಹತ್ತಿರ ಹೋಗಿ "ನಿಮ್ಮ ಮಗುವಿನ ಗೊಂಬೆ ಹಾಡುತ್ತಿತ್ತು, ಹದಿಮೂರು ಪರ್ಸೆಂಟ್ ಕೊಡಿ" ಎಂದು ಕೇಳಲು ಆಗ್ತದಾ ಮಾರಾಯ್ರೆ?

ಮನುಷ್ಯನೋ ಅಲ್ಲವೋ?

ಹೆಸರಿನ ಮೇಲಿನ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಒಂದು ಮೊಕದ್ದಮೆ ಬಹಳ ಪ್ರಸಿದ್ಧ. ಆಗ ಗೊಂಬೆಗೂ ಇತರ ಆಟಿಕೆಗೂ ಬೇರೆ ಬೇರೆ ಶೀರ್ಷಿಕೆ. ಮನುಷ್ಯರನ್ನು ತೋರಿಸುವುದಾದರೆ ಮಾತ್ರ ಅದು ಗೊಂಬೆ, ಸುಂಕ ಶೇ. 12. ಪ್ರಾಣಿ ಅಥವಾ ಮನುಷ್ಯರಲ್ಲದ ಜೀವಿಯಾದರೆ ಆಟಿಕೆ, ಸುಂಕ ಶೇ. 6.8. ಟಾಯ್ ಬಿಝ್ ಎಂಬ ಕಂಪೆನಿ ಚೀನಾದಿಂದ ಎಕ್ಸ್-ಮೆನ್ ಎಂಬ ಕಾಮಿಕ್ಸ್ ಪಾತ್ರಗಳ ಬೊಂಬೆಗಳನ್ನು ತರಿಸಿತ್ತು. ಕಸ್ಟಮ್ಸ್‌ನವರು ಇವು ಮನುಷ್ಯರ ಗೊಂಬೆಗಳು, 12 ಕೊಡಿ ಎಂದರು. ಕಂಪೆನಿ ಇಲ್ಲ, ಇವರಿಗೆ ಉಗುರು, ರೆಕ್ಕೆ, ಅಸಾಮಾನ್ಯ ಶಕ್ತಿ ಎಲ್ಲ ಇದೆ, ಇವರು ಮನುಷ್ಯರೇ ಅಲ್ಲ ಎಂದು ವಾದಿಸಿತು.

2003ರಲ್ಲಿ ನ್ಯಾಯಾಧೀಶೆ ಜುಡಿತ್ ಬಾರ್ಜಿಲೇ ಕಂಪೆನಿಯ ಪರವಾಗಿ ತೀರ್ಪು ಕೊಟ್ಟರು. ತಮಾಷೆ ಎಂದರೆ ಆ ಕಾಮಿಕ್ಸ್‌ನ ಕಥೆಯ ತಿರುಳೇ "ನಾವೂ ಮನುಷ್ಯರು, ನಮ್ಮನ್ನು ಬೇರೆ ಎಂದು ನೋಡಬೇಡಿ" ಎನ್ನುವುದು. ಶೇ. 5.2ರ ಸುಂಕಕ್ಕಾಗಿ ಅದನ್ನು ಹುಟ್ಟಿಸಿದವರ ಬಳಗದ ಕಂಪೆನಿಯೇ ಕೋರ್ಟಿನಲ್ಲಿ ನಿಂತು ಇವರು ಮನುಷ್ಯರಲ್ಲ ಎಂದು ಹೇಳಿತು! 2007ರಲ್ಲಿ ಅಂತಾರಾಷ್ಟ್ರೀಯ ಪುಸ್ತಕವನ್ನು ತಿದ್ದುವಾಗ ಚಕ್ರದ ಆಟಿಕೆಯ 9501, ಗೊಂಬೆಯ 9502, ಇತರ ಆಟಿಕೆಯ 9503 ಮೂರನ್ನೂ ಒಟ್ಟುಗೂಡಿಸಿ 9503 ಒಂದೇ ಉಳಿಸಿದರು. ಆ ಜಗಳ ಅಲ್ಲಿಗೆ ಮುಗಿಯಿತು.

ಇದರಲ್ಲಿ ಒಂದು ಪಾಠ ಉಂಟು. ಗೆರೆಯ ಆಚೆ ಈಚೆ ದರ ಒಂದೇ ಆದರೆ ಹೆಸರಿಗಾಗಿ ಯಾರೂ ಜಗಳ ಮಾಡುವುದಿಲ್ಲ. ದರದ ಅಂತರ ಹೆಚ್ಚಿದಷ್ಟೂ ಗೆರೆಯ ಮೇಲೆ ನೂಕುನುಗ್ಗಲು. ಅಮೆರಿಕದಲ್ಲಿ ಅಂತರ 5.2. ನಮ್ಮಲ್ಲಿ 2023ರ ಬಜೆಟ್ ಆಟಿಕೆಗೆ 70 ಹಾಕಿದಾಗ ಬೈಸಿಕಲ್‌ಗೆ ಹಾಕಿದ್ದು 35. ಸರಿಯಾಗಿ ಅರ್ಧ.

ಹಾಗಾದರೆ ಗೆರೆ ಎಳೆಯುವವರು ಯಾರು? 2011ರಿಂದ ನಮ್ಮಲ್ಲಿ ಆಮದುದಾರನೇ ತನ್ನ ಸರಕಿಗೆ ಸಂಖ್ಯೆ ಹಾಕಿ ಸುಂಕ ಲೆಕ್ಕ ಹಾಕುವ ಪದ್ಧತಿ. ಸಂಶಯ ಬಂದರೆ ಅಧಿಕಾರಿ ತಿದ್ದಬಹುದು. ತಿದ್ದಲು ಆರು ಸಾಮಾನ್ಯ ನಿಯಮಗಳಿವೆ. ಅದರಲ್ಲಿ ಎರಡನೆಯದು, ಬಿಡಿಬಿಡಿಯಾಗಿ ತಂದರೂ ಜೋಡಿಸಿದರೆ ಪೂರ್ತಿ ಸಾಮಾನು ಆಗುವಂತಿದ್ದರೆ ಅದನ್ನು ಪೂರ್ತಿ ಸಾಮಾನು ಎಂದೇ ಎಣಿಸಬೇಕು ಎನ್ನುತ್ತದೆ. ಕಾರಿನ ಚಕ್ರ ಒಂದು ಪೆಟ್ಟಿಗೆಯಲ್ಲಿ, ಮೈ ಇನ್ನೊಂದರಲ್ಲಿ ಹಾಕಿ "ಇದು ಬಿಡಿಭಾಗ" ಎಂದರೆ ನಡೆಯುವುದಿಲ್ಲ. ಮೂರನೆಯ ನಿಯಮ, ಎರಡು ಗುಣ ಸೇರಿದ ವಸ್ತುವಾದರೆ ಅದಕ್ಕೆ ಮುಖ್ಯ ಗುಣ ಕೊಡುವುದು ಯಾವುದು ನೋಡಬೇಕು ಎನ್ನುತ್ತದೆ. ಟೆಡ್ಡಿಯ ಆಕಾರದ ಬೆನ್ನಚೀಲ ಚೀಲವೋ ಟೆಡ್ಡಿಯೋ? ಜಿಪ್ ಎಳೆದು ಒಳಗೆ ಎಷ್ಟು ಸಾಮಾನು ಹಿಡಿಯುತ್ತದೆ ಎಂದು ನೋಡಬೇಕಾಗುತ್ತದೆ. ನಗಬೇಡಿ, ಇಂಥ ವಿಷಯಕ್ಕೆ ಟ್ರಿಬ್ಯೂನಲ್‌ವರೆಗೆ ಹೋಗುವ ದಾರಿ ಇದೆ, ಅಲ್ಲಿಂದ ನೇರ ಸುಪ್ರೀಂ ಕೋರ್ಟಿಗೂ ಹೋಗಬಹುದು.

ನಿಯಮದ ಒಳಗಿನ ವಾದ ಒಂದು ಬಗೆ. ಶುದ್ಧ ಸುಳ್ಳು ಇನ್ನೊಂದು ಬಗೆ. 2025ರಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಮುಂದ್ರಾ ಮುಂತಾದ ಬಂದರುಗಳಲ್ಲಿ ಹಿಡಿದ ಚೀನಾ ಸರಕಿನ ದಾಖಲೆಯಲ್ಲಿ ಅಲಂಕಾರದ ಗಿಡ, ಕೀಚೈನ್, ಪೆನ್ಸಿಲ್ ಪೆಟ್ಟಿಗೆ ಎಂದೆಲ್ಲ ಬರೆದಿತ್ತು. ಬಾಗಿಲು ತೆರೆದರೆ ಒಳಗೆ ಆಟಿಕೆ.

ಇಳಿದದ್ದು ಎಷ್ಟು?

ಆಟಿಕೆ ಆಮದು ಭಾರೀ ಇಳಿದಿದೆ ಎಂದು ಕೇಂದ್ರ ಸರಕಾರ ಹೇಳುತ್ತಾ ಬಂದಿದೆ. ಅದು ಸುಳ್ಳಲ್ಲ. ಆದರೆ ಯಾವ ಸಂಖ್ಯೆ ನೋಡುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸರಕಾರವೇ ಕೊಟ್ಟ ಅಂಕಿ ಅಂಶದಂತೆ 9503 ಒಂದರಲ್ಲೇ 2018-19ರಲ್ಲಿ 30.4 ಕೋಟಿ ಡಾಲರ್ ಆಮದು ಇದ್ದದ್ದು 2021-22ರಲ್ಲಿ 3.6 ಕೋಟಿ ಡಾಲರಿಗೆ ಇಳಿಯಿತು. ನೂರರಲ್ಲಿ 88 ಭಾಗ ಹೋಯಿತು. 9503, 9504, 9505 ಮೂರನ್ನೂ ಸೇರಿಸಿದರೆ ಅದೇ ಅವಧಿಯಲ್ಲಿ 37.1 ಕೋಟಿಯಿಂದ 11 ಕೋಟಿಗೆ. ಇಳಿಕೆ ಶೇ. 70.

ಈಗ ಎರಡನ್ನೂ ಕಳೆದು ನೋಡಿ. 9504 ಮತ್ತು 9505 ಸೇರಿ 2018-19ರಲ್ಲಿ 6.7 ಕೋಟಿ, 2021-22ರಲ್ಲಿ 7.4 ಕೋಟಿ. ಗೋಡೆ ಎತ್ತರಿಸಿದ ಮನೆಯಲ್ಲಿ ಆಮದು ಬಿದ್ದುಹೋಯಿತು. ಪಕ್ಕದ ಮನೆಯಲ್ಲಿ ಸ್ವಲ್ಪ ಹೆಚ್ಚೇ ಆಯಿತು. ಇದರಿಂದ ಆಟಿಕೆಗಳನ್ನೆಲ್ಲ ಹೆಸರು ಬದಲಿಸಿ ತಂದರು ಎಂದು ಹೇಳಲು ಬರುವುದಿಲ್ಲ. ವಿಡಿಯೋ ಗೇಮ್, ಹಬ್ಬದ ಅಲಂಕಾರ ಎಲ್ಲ ಅಲ್ಲೇ ಇವೆ, ಅವಕ್ಕೆ ಬೇರೆಯೇ ಗಿರಾಕಿ. ಕೊರೊನಾ ಕಾಲದ ಹಡಗು ಬಾಡಿಗೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಆಮದಿನ ಲೆಕ್ಕ ಓದುವಾಗ ಒಂದೇ ಸಂಖ್ಯೆಯನ್ನು ಹಿಡಿದು ಚಪ್ಪಾಳೆ ತಟ್ಟಬಾರದು ಎಂಬುದಕ್ಕೆ ಇಷ್ಟು ಸಾಕು.

ಎರಡು ಪುಸ್ತಕ, ಎರಡು ಆಟಿಕೆ

ಸುಂಕ ಹೆಚ್ಚಿಸಿದ್ದಕ್ಕೆ ವಿದೇಶಿ ಸ್ಪರ್ಧೆ ಒಂದೇ ಕಾರಣವಲ್ಲ. ಮಕ್ಕಳ ಆರೋಗ್ಯದ ಮಾತೂ ಉಂಟು. 2009ರ ಜನವರಿಯಲ್ಲಿ ಕೇಂದ್ರ ಸರಕಾರ ಚೀನಾ ಆಟಿಕೆಗಳನ್ನು ಆರು ತಿಂಗಳಿಗೆ ನಿಷೇಧಿಸಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ, ಸುರಕ್ಷತಾ ಪ್ರಮಾಣಪತ್ರ ಇದ್ದರೆ ತರಬಹುದು ಎಂದರು. ಹತ್ತು ವರ್ಷ ಕಳೆದು, 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ದಿಲ್ಲಿ ಸುತ್ತಮುತ್ತಲಿನ ಪೇಟೆಗಳಿಂದ ಆಮದು ಆಟಿಕೆಗಳನ್ನು ತಂದು ಪರೀಕ್ಷೆ ಮಾಡಿಸಿದಾಗ ಶೇ. 66.9 ತೇರ್ಗಡೆಯಾಗಲಿಲ್ಲ. ಮೂರರಲ್ಲಿ ಎರಡು! ಮಕ್ಕಳು ಆಟಿಕೆಯನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ಬಾಯಲ್ಲಿ ಹಿಡಿಯುವುದೇ ಹೆಚ್ಚು ಎಂದು ಅಮ್ಮಂದಿರಿಗೆ ಗೊತ್ತು.

2020ರ ಫೆಬ್ರವರಿಯಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಬಂತು. 2021ರ ಜನವರಿ 1ರಿಂದ ಐಎಸ್ಐ ಮುದ್ರೆ ಇಲ್ಲದ ಆಟಿಕೆಯನ್ನು ಮಾಡುವುದು, ತರಿಸುವುದು, ಮಾರುವುದು ಮೂರೂ ತಪ್ಪು. ವಿದೇಶದ ಕಾರ್ಖಾನೆಯೂ ಇಲ್ಲಿಯ ಲೈಸನ್ಸ್ ಪಡೆಯಲೇಬೇಕು. ಈ ಆದೇಶದಲ್ಲಿ ಆಟಿಕೆ ಎಂದರೆ 14 ವರ್ಷದೊಳಗಿನ ಮಕ್ಕಳು ಆಡುವುದಕ್ಕಾಗಿ ಮಾಡಿದ, ಅಥವಾ ಆ ಉದ್ದೇಶ ಸ್ಪಷ್ಟವಾಗಿ ಕಾಣುವ ವಸ್ತು. ಆಟಕ್ಕೆ ಮಾತ್ರ ಆಗಬೇಕೆಂದೇನೂ ಇಲ್ಲ. ಅಂದರೆ ಇಲ್ಲಿ ಎಂಟು ಅಂಕೆಯ ಸಂಖ್ಯೆಯ ಮಾತಿಲ್ಲ, ಮಗುವಿನ ಮಾತು.

ತೊಡಕು ಶುರುವಾಗುವುದು ಇಲ್ಲೇ. ಮೂಲೆಯಲ್ಲಿದ್ದ ಆ ಪುಟ್ಟ ಸೈಕಲನ್ನೇ ತೆಗೆದುಕೊಳ್ಳಿ. ಸುಂಕದ ಪುಸ್ತಕ ಮಕ್ಕಳ ಎರಡು ಚಕ್ರದ ಸೈಕಲನ್ನು 95ನೇ ಅಧ್ಯಾಯದಿಂದ ಹೊರಗಿಟ್ಟು 8712ಕ್ಕೆ ಕಳಿಸುತ್ತದೆ. ಅದು ಆಟಿಕೆ ಅಲ್ಲ. ಆದರೆ ಆಟಿಕೆ ಸುರಕ್ಷತೆಯ ಮಾನಕ ಐಎಸ್ 9873, ಸೀಟಿನ ಎತ್ತರ 435 ಮಿಲಿಮೀಟರ್ ಮೀರದ ಸೈಕಲ್ ಆಟಿಕೆಯೇ ಎನ್ನುತ್ತದೆ. ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ. ಒಂದೇ ಸೈಕಲ್, ಬಂದರಿನಲ್ಲಿ ವಾಹನ, ಅಂಗಡಿಯಲ್ಲಿ ಆಟಿಕೆ. ಬಿಲ್ಲಿನಲ್ಲಿ 8712 ನೋಡಿ "ಇದು ಸೈಕಲ್, ಆಟಿಕೆಯ ಮುದ್ರೆ ಬೇಡ" ಎಂದುಕೊಂಡ ಅಂಗಡಿಯವರದ್ದು ತಪ್ಪು ಲೆಕ್ಕ ಆಗಬಹುದು.

ತಪ್ಪಿದರೆ ಏನು? 2016ರ ಬಿಐಎಸ್ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಎಂದು ಬರೆದಿದ್ದಾರೆ. 2023ರ ಜನವರಿಯಲ್ಲಿ ಬಿಐಎಸ್‌ನವರು ದೇಶದ ಹಲವೆಡೆ ದೊಡ್ಡ ದೊಡ್ಡ ಅಂಗಡಿಗಳಿಗೆ ಹೋಗಿ ಮುದ್ರೆ ಇಲ್ಲದ 18,600 ಆಟಿಕೆಗಳನ್ನು ವಶಪಡಿಸಿಕೊಂಡರು. ವಿಮಾನ ನಿಲ್ದಾಣದ, ಮಾಲ್‌ಗಳ ಅಂಗಡಿಗಳೂ ಅದರಲ್ಲಿದ್ದವು. ದೊಡ್ಡವರಿಗೆ ಎರಡು ಲಕ್ಷ ಒಂದು ದಿನದ ವ್ಯಾಪಾರ. ಬಸ್‌ಸ್ಟ್ಯಾಂಡ್ ಬದಿಯ ಅಂಗಡಿಯವರಿಗೆ ಅದು ಅಂಗಡಿಯೇ.

ಗಲ್ಫ್ ಬ್ಯಾಗಿನ ಲೆಕ್ಕ

ನಮ್ಮ ಜಿಲ್ಲೆಗೆ ಆಟಿಕೆ ಬರುವ ಇನ್ನೊಂದು ದಾರಿ ಹಡಗಿನದ್ದಲ್ಲ, ವಿಮಾನದ್ದು. ದುಬೈ, ಶಾರ್ಜಾ, ದೋಹಾದಿಂದ ಊರಿಗೆ ಬರುವ ಅಪ್ಪ, ಮಾವ, ಅಣ್ಣಂದಿರ ಪೆಟ್ಟಿಗೆಯಲ್ಲಿ ಮಕ್ಕಳಿಗೊಂದು ಕಾರೋ ಗೊಂಬೆಯೋ ಇಲ್ಲದೆ ಇರುವುದಿಲ್ಲ. ಮಂಗಳೂರು, ಕಣ್ಣೂರು, ಕರಿಪ್ಪೂರು, ಎಲ್ಲಿ ಇಳಿದರೂ ಕಥೆ ಒಂದೇ. ಹಾಗಾದರೆ ಅದಕ್ಕೂ ಶೇ. 70 ಕೊಡಬೇಕಾ ಎಂದು ಕೇಳುವವರಿದ್ದಾರೆ.

ಇಲ್ಲ. ಪ್ರಯಾಣಿಕನ ಬ್ಯಾಗಿನೊಳಗೆ ಇರುವ ಸ್ವಂತ ಉಪಯೋಗದ ಅಥವಾ ಉಡುಗೊರೆಯ ಸಾಮಾನಿಗೆ ನಮ್ಮ ಪುಸ್ತಕದಲ್ಲಿ ಬೇರೆಯೇ ಸಂಖ್ಯೆ, 9803. ಅಲ್ಲಿ ಗೊಂಬೆ, ಸೀರೆ, ಮಿಕ್ಸಿ ಎಂಬ ಭೇದ ಇಲ್ಲ, ಎಲ್ಲವೂ 'ಬ್ಯಾಗೇಜ್'. 2016ರ ನಿಯಮದಲ್ಲಿ 50 ಸಾವಿರ ರೂಪಾಯಿವರೆಗೆ ಸುಂಕ ಇರಲಿಲ್ಲ. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮ ಇಲ್ಲಿಯ ನಿವಾಸಿಗಳಿಗೆ ಆ ಮಿತಿಯನ್ನು 75 ಸಾವಿರಕ್ಕೆ ಏರಿಸಿತು. ಮಿತಿ ಮೀರಿದ ಭಾಗಕ್ಕೆ 2016ರಲ್ಲಿ ನಿಗದಿಯಾದ ದರ ಶೇ. 35, ಸರ್ಚಾರ್ಜ್ ಸೇರಿ 38.5. ಹಡಗಿನಲ್ಲಿ 70 ಕಟ್ಟುವ ಕಾರು ಬ್ಯಾಗಿನಲ್ಲಿ ಬಂದರೆ ಅದರ ಅರ್ಧದಷ್ಟು, ಮಿತಿಯೊಳಗಾದರೆ ಏನೂ ಇಲ್ಲ.

ಆದರೆ ಎಚ್ಚರ ಬೇಕಾದದ್ದು ಎರಡು ಕಡೆ. ಒಂದೇ ಮಾದರಿಯ ನಲವತ್ತು ಕಾರು ತಂದು "ಮಕ್ಕಳಿಗೆ" ಎಂದರೆ ಯಾವ ಅಧಿಕಾರಿಯೂ ನಂಬುವುದಿಲ್ಲ. ಅದು ವ್ಯಾಪಾರದ ಸರಕು, ಬ್ಯಾಗೇಜಿನ ರಿಯಾಯಿತಿ ಇಲ್ಲ. ಎರಡನೆಯದು, ಬ್ಯಾಗಿನಲ್ಲಿ ಸಲೀಸಾಗಿ ಬಂದ ಸಾಮಾನು ಅಂಗಡಿಯ ಕಪಾಟಿಗೆ ಏರಿದ ಕ್ಷಣದಿಂದ ಐಎಸ್ಐ ಮುದ್ರೆ ಕೇಳುತ್ತದೆ. 'ಫಾರಿನ್ ಐಟಂ' ಎಂದು ಬೋರ್ಡು ಹಾಕಿ ಮಾರುವ ಕಾಲ 2021ಕ್ಕೆ ಮುಗಿದಿದೆ. ಉಡುಗೊರೆ ಉಡುಗೊರೆಯಾಗಿಯೇ ಇರಲಿ.

ಚನ್ನಪಟ್ಟಣ, ಸಾವಂತವಾಡಿ, ತಂಜಾವೂರು ಒಂದೇ ಸಾಲಿನಲ್ಲಿ

ಹೆಸರು ಭಾರ ಆಗುವ ಹಾಗೆಯೇ ಆಸರೆಯೂ ಆಗಬಹುದು. ಜಿಎಸ್‌ಟಿಯ ಕರಕುಶಲ ವಸ್ತುಗಳ ಪಟ್ಟಿಯಲ್ಲಿ 9503ರ ಎದುರು ಮೂರು ಊರುಗಳ ಹೆಸರು ಹಾಕಿದ್ದಾರೆ. ಗೋವಾದ ಗಡಿಗೆ ತಾಗಿದ ಮಹಾರಾಷ್ಟ್ರದ ಸಾವಂತವಾಡಿಯ ಮರದ ಆಟಿಕೆ, ಕರ್ನಾಟಕದ ಚನ್ನಪಟ್ಟಣದ ಆಟಿಕೆ, ತಮಿಳುನಾಡಿನ ತಂಜಾವೂರಿನ ಗೊಂಬೆ. ಮೂರು ರಾಜ್ಯದ ಕುಶಲಕರ್ಮಿಗಳು ಒಂದೇ ಸಾಲಿನಲ್ಲಿ. ಆ ಸಾಲಿನ ದರವೂ 2025ರ ಸೆಪ್ಟೆಂಬರ್‌ನಲ್ಲಿ 12ರಿಂದ 5ಕ್ಕೆ ಇಳಿಯಿತು.

ಐಎಸ್ಐ ಆದೇಶ ಬಂದಾಗ ಮೊದಲು ಹೆದರಿದ್ದು ಇವರೇ. ಅರಗು ಹಚ್ಚಿ ಒಂದೊಂದಾಗಿ ಮಾಡುವ ಗೊಂಬೆಗೆ ಲ್ಯಾಬ್ ಎಲ್ಲಿಂದ ತರುವುದು? 2020ರ ಡಿಸೆಂಬರ್‌ನಲ್ಲಿ ಆದೇಶ ತಿದ್ದಿ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಣಿ ಮಾಡಿಸಿಕೊಂಡ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚ್ಯಂಕದ ನೋಂದಾಯಿತ ಬಳಕೆದಾರರಿಗೂ ವಿನಾಯಿತಿ ಕೊಟ್ಟರು. ಚನ್ನಪಟ್ಟಣಕ್ಕೆ ಆ ಸೂಚ್ಯಂಕ ಇದೆ. ಕೊಪ್ಪಳದ ಕಿನ್ನಾಳಕ್ಕೆ, ಆಂಧ್ರದ ಕೊಂಡಪಲ್ಲಿಗೆ, ತೆಲಂಗಾಣದ ನಿರ್ಮಲ್‌ಗೂ ಇದೆ.

ಆದರೆ ವಿನಾಯಿತಿ ಇರುವುದು ನೋಂದಣಿ ಆದವರಿಗೆ ಮಾತ್ರ. ಜಾತ್ರೆಯಿಂದ ಜಾತ್ರೆಗೆ ತಿರುಗಿ ಮರದ ಬಂಡಿ, ಬುಗುರಿ ಮಾಡಿ ಮಾರುವವನ ಹತ್ತಿರ ಕಾರ್ಡು ಇಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅವನೂ ಮುದ್ರೆ ಇಲ್ಲದ ಪ್ಲಾಸ್ಟಿಕ್ ಮಾರುವವನೂ ಒಂದೇ. ಯಾರನ್ನು ಉಳಿಸಲು ಗೋಡೆ ಕಟ್ಟಿದ್ದೋ ಅವರೇ ಗೋಡೆಯ ಹೊರಗೆ ಉಳಿಯುವುದು ನ್ಯಾಯವಲ್ಲ.

ಮಾಡಬೇಕಾದದ್ದು

ಸುಂಕ ಬೇಡ, ಮುದ್ರೆ ಬೇಡ ಎಂದು ಹೇಳುವುದು ಈ ಬರಹದ ಉದ್ದೇಶ ಅಲ್ಲ. ಮೂರರಲ್ಲಿ ಎರಡು ಆಟಿಕೆ ಪರೀಕ್ಷೆಯಲ್ಲಿ ಸೋಲುವ ಪೇಟೆಗೆ ಬಾಗಿಲು ಬೇಕೇ ಬೇಕು. ಆದರೆ ಬಾಗಿಲಿನಲ್ಲಿ ಬರೆದ ಹೆಸರು ಒಳಗೆ ಬರುವವನಿಗೆ ಓದಲು ಬರಬೇಕು. ಸುಂಕದ ಪುಸ್ತಕದ 'ಆಟಿಕೆ'ಯೂ ಸುರಕ್ಷತೆಯ 'ಆಟಿಕೆ'ಯೂ ಎಲ್ಲೆಲ್ಲಿ ಬೇರೆಯಾಗುತ್ತದೆ ಎಂದು ತೋರಿಸುವ ಒಂದು ಹಾಳೆಯ ಪಟ್ಟಿ ಸಾಕು. ಸಣ್ಣ ಸೈಕಲ್, ಹಾಡುವ ಗೊಂಬೆ, ಟೆಡ್ಡಿ ಚೀಲ, ಕೇರಂ, ಇಂಥ ಇಪ್ಪತ್ತು ಸಾಮಾನಿನ ಎದುರು ಜಿಎಸ್‌ಟಿ ಎಷ್ಟು, ಮುದ್ರೆ ಬೇಕೋ ಬೇಡವೋ ಎಂದು ಬರೆದು ಕೊಟ್ಟರೆ ಮುಗಿಯಿತು. ಆ ಹಾಳೆ ನಮ್ಮ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಮಲಯಾಳದ ಜತೆ ಕನ್ನಡದಲ್ಲೂ ಇರಬೇಕು. ದಂಡ ಕಟ್ಟಲು ಭಾಷೆ ಕೇಳುವುದಿಲ್ಲ ಎಂದಾದರೆ ತಿಳಿಸಲು ಕೇಳಬೇಕು.

ವ್ಯಾಪಾರಿ ಸಂಘಗಳು ಕೂಡ ಕೈಕಟ್ಟಿ ಕೂರುವ ಹಾಗಿಲ್ಲ. ಮಾಲು ತರುವಾಗ ಸಗಟು ವ್ಯಾಪಾರಿಯ ಬಿಲ್ಲಿನಲ್ಲಿ ಸಂಖ್ಯೆ ಬರೆಸಿಕೊಳ್ಳಬೇಕು. ಬಾಯಿಮಾತಿನ "ಎಲ್ಲ ಒಂದೇ" ಸಾಲದು. ಎಲೆಕ್ಟ್ರಾನಿಕ್ ಮತ್ತು ಅಲ್ಲದ್ದನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಪೆಟ್ಟಿಗೆ ಮೇಲೆ ಐಎಸ್ಐ ಮುದ್ರೆಯ ಜತೆ ಇರುವ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಅಸಲಿಯೋ ನಕಲಿಯೋ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮನೆಯವರೂ ಇದನ್ನೇ ಮಾಡಬಹುದು.

ಮುಂದಿನ ಜಾತ್ರೆಗೆ ಮಗುವಿನ ಕೈ ಹಿಡಿದು ಹೋದಾಗ ಅದು ಹಗ್ಗದ ಕಡೆ ಬೆರಳು ತೋರಿಸುತ್ತದೆ. ಅದಕ್ಕೆ ಸಂಖ್ಯೆ ಬೇಡ, ಆಡಲು ಆದರೆ ಸಾಕು. ಸಂಖ್ಯೆಯನ್ನೂ ಮುದ್ರೆಯನ್ನೂ ನೋಡುವ ಕೆಲಸ ದೊಡ್ಡವರದ್ದು. ಬಂದರಿನಲ್ಲಿ ಕೂತವರದ್ದು, ಅಂಗಡಿಯಲ್ಲಿ ನಿಂತವರದ್ದು, ದುಡ್ಡು ಕೊಡುವ ನಮ್ಮದೂ ಕೂಡ.